ಒಂದೇ ಸ್ವಿಚ್ಚಿಗೆ ಸೇರಿದ ಮನೆಗಳು

ಮೊನ್ನೆ ಚಂದ್ರಾ ಲೇಔಟಿನ ಅಂಗಡಿಯೊಂದರಲ್ಲಿ ನೀಲಗಿರಿ ಎಣ್ಣೆ ಬೆರೆಸಿದ ಮೆಹಂದಿಯ ವಾಸನೆ ಬಂತು. ಮೂಡಲಪಾಳ್ಯದಲ್ಲಿ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಪಾರ್ಲರ್ ನಡೆಸುತ್ತಿದ್ದ ಆಂಟಿ ನೆನಪಾದರು...

ಮನೆಮನೆಗೆ ಕೇಬಲ್ ಇಂಟರ್ನೆಟ್ ಬರತೊಡಗಿದ್ದ ಕಾಲ. ತಾವು ಅಲಂಕರಿಸಿದ ಮದುವಣಗಿತ್ತಿಯರ ಫೋಟೋ ತೆಗೆದು ಆಂಟಿ ಕಂಪ್ಯೂಟರಿನಲ್ಲಿ ಇಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಹುಬ್ಬು ತೀಡಿಸಿಕೊಳ್ಳಲು ಅಲ್ಲಿಗೆ ಹೋಗಿದ್ದಾಗ, ಮದುವೆ ಹತ್ತಿರವಾಗಿದ್ದ ಹುಡುಗಿಯೊಬ್ಬಳು ಬಂದಳು. ಕೂರಲಿಲ್ಲ.

"ನನ್ನ ಟ್ರಯಲ್ ಮೇಕಪ್ ಫೋಟೋ ಯಾರಿಗೆ ತೋರಿಸಿದ್ರಿ ಆಂಟಿ? ಬಸ್ ಸ್ಟಾಪಲ್ಲಿ ಹುಡುಗ್ರು ನನ್ನ ಸೀರೆ, ಹೂವು ಎಲ್ಲಾ ಹೇಳ್ಕೊಂಡು ನಗ್ತಾ ಇದ್ರು."

"ಯಾರಿಗೂ ಇಲ್ಲ ಕಣೇ," ಎಂದ ಆಂಟಿಯ ಮುಖ ಬಿಳಿಚಿಕೊಂಡಿತು.

ಫೋಟೋ ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ, ಅದರಿಂದ ಹೊರಗೆ ಹೋಗುವ ದಾರಿ ಕೇಬಲ್ ಇಂಟರ್ನೆಟ್ಟಿನ ವೈರೊಂದೇ. ಹುಡುಗಿ ಹೋದ ಕೂಡಲೇ ಆಂಟಿ ನನ್ನನ್ನೂ ಕರೆದುಕೊಂಡು ಕೇಬಲ್ ಆಫೀಸಿಗೆ ನಡೆದರು. ಆಪರೇಟರ್ ತನ್ನ ಪರದೆಯಲ್ಲಿ ನೆಟ್‌ವರ್ಕ್ ತೆರೆದ. ಬೀದಿಯ ಕಂಪ್ಯೂಟರುಗಳ ನಡುವೆ ಆಂಟಿಯದೂ ಇತ್ತು. ಒತ್ತಿದರೆ ಫೋಟೋಗಳು...

"ಫೋಲ್ಡರ್ ಶೇರ್ ಆಗಿದೆ ಆಂಟಿ. ಎಲ್ಲರ ಮನೆ ವೈರೂ ಇದೇ ಪೆಟ್ಟಿಗೆಗೆ, ಈ ಸ್ವಿಚ್ಚಿಗೆ ಬರುತ್ತೆ, ಒಂದೇ ನೆಟ್‌ವರ್ಕು. ಎಲ್ಲರಿಗೂ ಕಾಣುತ್ತೆ."

"ಬೇರೆ ಬೇರೆ ಮಾಡಕ್ಕಾಗಲ್ವಾ?"

"ಆಗುತ್ತೆ, ವಿ-ಲ್ಯಾನ್ ಅಂತ. ಪೆಟ್ಟಿಗೆ ಒಂದೇ, ಒಂದೊಂದು ಮನೆ ವೈರು ಸಿಕ್ಕಿಸೋ ಪೋರ್ಟಿಗೂ ಬೇರೆ ನಂಬರ್. ಒಂದೇ ನಂಬರಿನೋರು ಮಾತ್ರ ಒಬ್ರಿಗೊಬ್ರು ಕಾಣ್ತಾರೆ. ಇಂಟರ್ನೆಟ್ ಕಡೆ ಹೋಗೋ ವೈರಲ್ಲಿ ಎಲ್ಲಾರದೂ ಹೋಗುತ್ತೆ, ಆದ್ರೆ ಅವರವರ ನಂಬರ್ ಅಂಟಿಸ್ಕೊಂಡು. ಬೆರೆಯಲ್ಲ. ಬಿಡುವಾದಾಗ ಮಾಡ್ತೀನಿ."

"ಈಗ್ಲೇ ಮಾಡಪ್ಪ."

ಅವನು ನಂಬರ್ ಹಾಕತೊಡಗಿದ. ಬೀದಿಯ ಇಂಟರ್ನೆಟ್ ನಿಂತಿತು, ಬೈಯುವವರ ಫೋನುಗಳು ಬಂದವು. ಆಂಟಿ ಪರದೆಯಿಂದ ಕಣ್ಣು ಕೀಳಲಿಲ್ಲ. ಮತ್ತೆ ತೆರೆದಾಗ ಯಾರ ಕಂಪ್ಯೂಟರೂ ಅಲ್ಲಿರಲಿಲ್ಲ.

"ಮುಗೀತು. ಇನ್ಯಾರಿಗೂ ಗೊತ್ತಾಗಲ್ಲ, ಸುಮ್ನಿದ್ಬಿಡಿ," ಎಂದ.

"ಇನ್ಮೇಲೆ ಕಾಣಲ್ಲ, ಸರಿ. ಹುಡುಗ್ರು ಆಗ್ಲೇ ತಗೊಂಡಿರೋದು?"

ಅವನು ಮತ್ತೆ ರಿಂಗಾದ ಫೋನನ್ನು ಎತ್ತಿಕೊಂಡ.

ಮರುದಿನದಿಂದ ಆಂಟಿ ಫೋಟೋದಲ್ಲಿದ್ದ ಪ್ರತಿಯೊಬ್ಬಳ ಮನೆಗೂ ಹೋಗಿ ನಡೆದದ್ದನ್ನು ಹೇಳಿದರು. ಮೊದಲು ಆ ಹುಡುಗಿಯ ಮನೆ, ಅನ್ನಪೂರ್ಣೇಶ್ವರಿ ನಗರದಲ್ಲಿ. ಜೊತೆಗೆ ನಾನೂ ಇದ್ದೆ. ಅವಳ ತಾಯಿ ನಮ್ಮನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು. "ಗಂಡಿನ ಮನೆಯೋರಿಗೆ ಗೊತ್ತಾದ್ರೆ ಏನ್ ಮಾಡೋದು?" ಎಂದು ಬಾಗಿಲು ಹಾಕಿದರು. ಮದುವೆ ನಡೆಯಿತು, ಅಲಂಕಾರಕ್ಕೆ ಬೇರೆಯವರು ಬಂದರು. ಒಬ್ಬೊಬ್ಬರಾಗಿ ಗಿರಾಕಿಗಳು ದೂರವಾದರು. ಆಂಟಿ ಬೋರ್ಡು ಇಳಿಸಿ ಕೆಂಗೇರಿಯಲ್ಲಿದ್ದ ಅಕ್ಕನ ಮನೆಗೆ ಹೊರಟುಹೋದರು. ಆಂಟಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಹಳ ತಡವಾಗಿ...

ಈಗ ನನ್ನ ಮಗಳ ಮದುವೆ ಗೊತ್ತಾಗಿದೆ. ಅವಳ ಫೋಟೋಗಳನ್ನು ಎಲ್ಲಿಡುತ್ತೀರಿ ಎಂದು ಪಾರ್ಲರಿನವಳನ್ನು ಕೇಳಿದೆ. "ಎಲ್ಲಾ ಸೇಫ್ ಆಂಟಿ," ಎಂದಳು, ಮೊಬೈಲಿನಿಂದ ತಲೆಯೆತ್ತದೆ. ಏನಾದರೂ ಆದರೆ ಇವಳು ನಮ್ಮ ಮನೆಗೆ ಬಂದು ಹೇಳುವಳೆಂದು ನನಗನಿಸಲಿಲ್ಲ.