ಫೋರ್‌ಮನ್ ಮುಂದಿನ ತಟ್ಟೆ

ಕುವೈತಿನ ಫರ್ವಾನಿಯಾದ ನಮ್ಮ ರೂಮಿನಲ್ಲಿ ಶುಕ್ರವಾರದ ಅಡುಗೆ ವೆಲ್ಡರ್ ಭಾಯಿಯದು. ಬೀಫ್ ಕೆಂಪಗೆ ಹುರಿದು, ಟೊಮೆಟೊ, ಮೆಣಸಿನಪುಡಿ, ಬೆಂದ ರಾಜ್ಮಾ ಸೇರಿಸಿ ಗಂಟೆಗಟ್ಟಲೆ ಕುದಿಸುತ್ತಿದ್ದ. ಸೌಟಿನಿಂದ ಒಂದಿಷ್ಟು ಕಾಳು ಜಜ್ಜಿ ಮಂದ ಮಾಡುತ್ತಿದ್ದ. ಅವಸರಪಡಿಸಿದರೆ, "ಬೇಯಲಿ ಮಾರಾಯ" ಎನ್ನುವನು; ಬೇರೆ ಮಾತು ಕಡಿಮೆ.

ಒಂದು ಶುಕ್ರವಾರ ನಮ್ಮ ಫೋರ್‌ಮನ್ ಊಟಕ್ಕೆ ಬಂದು ಕೂತ. ಆ ವಾರವಷ್ಟೇ ಕೈ ಸುಟ್ಟುಕೊಂಡಿದ್ದ ನಮ್ಮ ಜತೆಗಾರನನ್ನು ಆಸ್ಪತ್ರೆಗೆ ಕಳಿಸದೆ ಸಂಜೆಯವರೆಗೆ ದುಡಿಸಿದ್ದವನು ಅವನೇ. ಭಾಯಿ ಅವನ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡ.

"ನಿನಗೆ ಇಲ್ಲಿ ಊಟ ಇಲ್ಲ. ಏಳು."

"ನಾಳೆಯಿಂದ ನಿನ್ನ ಕೆಲಸ ಖಲಾಸ್!"

"ಆಗಲಿ. ಈಗ ಹೊರಗೆ ನಡಿ."

ಫೋರ್‌ಮನ್ ಎದ್ದು ಹೋದ ಮೇಲೆ ಭಾಯಿ, ಕೈಗೆ ಬ್ಯಾಂಡೇಜಿದ್ದ ಜತೆಗಾರನಿಗೆ ಅದೇ ತಟ್ಟೆಯಿಂದ ತುತ್ತು ಕೊಟ್ಟ. ಉಳಿದ ಐವರು ತಲೆ ತಗ್ಗಿಸಿ ಉಣ್ಣುತ್ತಿದ್ದೆವು.

ವಾರದೊಳಗೆ ಭಾಯಿಯನ್ನು ಊರಿಗೆ ಅಟ್ಟಿದರು. ಆಗಲೂ ಯಾರೂ ಬಾಯಿ ಬಿಡಲಿಲ್ಲ. ನೆನೆದರೆ ನನ್ನ ಮೇಲೆಯೇ ನನಗೆ ಸಿಟ್ಟು ಉಕ್ಕುತ್ತದೆ.