ಗುಡ್ಡೆಗೆ ಎಂಟು ಮನೆ

೧೯೫೨ರಲ್ಲಿ ಹರಿನಾಥನಿಗೆ ಸರ್ವೆಯ ಹಂಗಾಮಿ ಕೆಲಸ ಸಿಕ್ಕಿತು. ಒಂದೇ ತಿರುಗಾಟದಲ್ಲಿ ಮೂರು ಸಂಗತಿ ಕೇಳಿಕೊಂಡು ಬರಬೇಕು: ಮನೆಯಲ್ಲಿ ಉಣ್ಣುವ ಅಕ್ಕಿ ಎಷ್ಟು, ಕರೆಯುವ ಹಾಲು ಎಷ್ಟು, ಜ್ವರದಲ್ಲಿ ಮಲಗಿದವರು ಎಷ್ಟು. ಅರವತ್ತು ಮನೆಗಿಂತ ಹೆಚ್ಚು ನೋಡಲು ಸರಕಾರಕ್ಕೆ ಕಾಲುಗಳಿರಲಿಲ್ಲ. ಜ್ವರ ಕಂಡ ಕಡೆಗೆ ಕ್ವಿನೈನ್ ಹಂಚುವ ಕಂಪೌಂಡರ್ ಬರುತ್ತಾನೆ ಎಂಬ ಮಾತಿತ್ತು.

ಕಡಲಕರೆ, ಮಧೂರಿನ ಬಯಲು, ಪುತ್ತಿಗೆಯಾಚೆಯ ಗುಡ್ಡೆ. ಅರವತ್ತನ್ನು ಈ ಮೂರಕ್ಕೆ ಹಂಚಬೇಕು. ಮನೆಗಳ ಸಂಖ್ಯೆಯಂತೆ ಹಂಚಿದರೆ ಗುಡ್ಡೆಗೆ ಬರುವುದು ಎಂಟು. ಹರಿನಾಥ ಯೋಚಿಸಿದ. ಕಡಲಕರೆಯಲ್ಲಿ ಜ್ವರವೇ ಕಡಿಮೆ. ಅದನ್ನು ತಿಳಿಯಲು ನಾಲ್ಕು ಮನೆ ಸಾಕು. ಅಕ್ಕಿಗಾದರೆ ಅಲ್ಲಿ ಹೆಚ್ಚು ಮನೆ ಬೇಕು, ಏಕೆಂದರೆ ದೋಣಿಯ ಯಜಮಾನನ ಬಟ್ಟಲೂ ಬಲೆ ಎಳೆಯುವವನ ಬಟ್ಟಲೂ ಒಂದೇ ಅಲ್ಲ. ಗುಡ್ಡೆಯಲ್ಲಿ ಇದು ತಿರುಗುಮುರುಗು. ಎಲ್ಲರದ್ದೂ ಅದೇ ಗಂಜಿ; ಜ್ವರ ಮಾತ್ರ ಒಂದು ಮನೆಯನ್ನಿಡೀ ಕೆಡವಿ ಪಕ್ಕದ ಮನೆಯನ್ನು ಬಿಟ್ಟುಬಿಡುತ್ತದೆ. ಅಕ್ಕಿ, ಹಾಲಿನ ಲೆಕ್ಕಕ್ಕೆಂದು ಬೇರೆ ಕಡೆ ಬೇಕಾಗಿದ್ದ ಮನೆಗಳಲ್ಲಿ ಕೆಲವನ್ನು ಕಸಿದು ಗುಡ್ಡೆಗೆ ಇಪ್ಪತ್ತು ಬರೆದ.

ಮೇಲಧಿಕಾರಿ ಮಹೇಶ್ವರ ಭಟ್ಟರು ಕನ್ನಡಕ ಇಳಿಸಿದರು. "ಎಂತ ಇದು, ಇಪ್ಪತ್ತಾ? ನಿನ್ನ ಅಕ್ಕನನ್ನು ಕೊಟ್ಟದ್ದು ಆ ಗುಡ್ಡೆಗೇ ಅಲ್ವಾ ಮಾರಾಯ?"

"ಹೌದು. ಆದ್ರೆ ಅದಕ್ಕಲ್ಲ..."

"ಅದಕ್ಕಲ್ಲ, ಕೋಳಿಸಾರಿಗೆ," ಎಂದ ಜವಾನ ಕುಂಞ. ಕಚೇರಿಯೇ ನಕ್ಕಿತು.

ಹರಿನಾಥನ ಕಿವಿ ಕೆಂಪಾಯಿತು. ಪಕ್ಷಪಾತಿ ಅನ್ನಿಸಿಕೊಳ್ಳುವುದಕ್ಕಿಂತ ತಪ್ಪು ಲೆಕ್ಕವೇ ಅವನಿಗೆ ಮರ್ಯಾದೆಯದಾಗಿ ಕಂಡಿತು. ಇಪ್ಪತ್ತನ್ನು ಹೊಡೆದು ಎಂಟು ಮಾಡಿದ.

ಚೀಟಿ ಎತ್ತಿ ಆರಿಸಿದ ಎಂಟೂ ಮನೆಗಳಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು. ಹಿಂತಿರುಗುವ ದಾರಿಯಲ್ಲಿ, ಮುಳಿಹುಲ್ಲು ಗಾಳಿಗೆ ಮೆಲ್ಲಗೆ ತೂಗುತ್ತಿದ್ದ ದಿಬ್ಬದ ಮೇಲೆ, ಅಕ್ಕ ರಾಜೀವಿಯ ಮನೆ. ಅವಳು ಜಗಲಿಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದಳು. ಒಳಗೆ ಭಾವನೂ ಮಕ್ಕಳೂ ಮಲಗಿದ್ದರು.

"ನಮ್ಮನ್ನೂ ಬರ್ಕೊ ಹರಿ."

"ನಿಮ್ಮದು ಚೀಟಿಯಲ್ಲಿ ಬರ್ಲಿಲ್ಲ ಅಕ್ಕ."

"ಓ, ಹಾಗಾ? ಈ ಜ್ವರಕ್ಕೆ ಅಷ್ಟು ಬುದ್ಧಿ ಇಲ್ಲ ನೋಡು. ಚೀಟಿ ಕೇಳದೆ ಬಂತು."

ಗುಡ್ಡೆಯಲ್ಲಿ ಜ್ವರವಿಲ್ಲ ಎಂದು ವರದಿಯಾಯಿತು. ಕಡಲಕರೆಯಲ್ಲಿ ಒಬ್ಬನಿಗೆ ನೆಗಡಿಯಿಂದ ಮೈ ಬಿಸಿ ಇದ್ದುದರಿಂದ ಕಂಪೌಂಡರ್ ಅಲ್ಲಿಗೆ ಬಂದ. ಸ್ವಂತ ಅಕ್ಕನ ಮುಖವನ್ನೂ ನೋಡದ ನಿಷ್ಠಾವಂತ ಎಂದು ಹೊಗಳಿ ಹರಿನಾಥನ ಕೆಲಸವನ್ನು ಖಾಯಂ ಮಾಡಿದರು.

ಅವನು ಅಕ್ಕನ ಸಂಸಾರವನ್ನು ಎತ್ತಿನ ಗಾಡಿಯಲ್ಲಿ ಕಡಲಕರೆಯ ತನ್ನ ಮನೆಗೇ ಕರೆತಂದ. ಕ್ವಿನೈನ್ ಇದ್ದದ್ದು ಅಲ್ಲಿ ತಾನೆ. ಎಲ್ಲರೂ ಚೇತರಿಸಿಕೊಂಡರು, ಅಲ್ಲೇ ಉಳಿದರು. ಗುಡ್ಡೆಯ ಮಿಕ್ಕ ಮನೆಗಳು ನಡುಗುತ್ತಲೇ ಇದ್ದವು.

ಮರುವರ್ಷದ ಸರ್ವೆಗೆ ಹರಿನಾಥ ಗುಡ್ಡೆಗೆ ಮತ್ತೆ ಇಪ್ಪತ್ತು ಬರೆದ.

"ಈಗ ಅಲ್ಲಿ ನಿನ್ನವರು ಯಾರಾದ್ರೂ ಉಂಟಾ?" ಭಟ್ಟರು ಕೇಳಿದರು.

"ಯಾರೂ ಇಲ್ಲ."

ಭಟ್ಟರು ಸಹಿ ಹಾಕಿದರು.