ಅಣ್ಣ ತೀರಿಸದ ಮುಯ್ಯಿ

ನಮ್ಮ ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಕೀಳುವ ಕಾಲಕ್ಕೆ ಕೂಲಿಯವರನ್ನು ಕಾಯುತ್ತ ಕೂರುವವರು ಕಡಿಮೆ. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಮುಯ್ಯಾಳು ಅಂದರೆ ಇಷ್ಟೆ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಅದು ಮೈಸೂರಿನ ಆಫೀಸಿನಲ್ಲೂ ನಡೆಯುತ್ತದೆ ಎಂದು ನಂಬಿದ ಪೆದ್ದಿ ನಾನು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಸಾವಿರಾರು ಜನ ಒಟ್ಟಿಗೆ ಆಡುವ ಒಂದು ದೊಡ್ಡ ಆನ್‌ಲೈನ್ ಆಟವನ್ನು ಪರೀಕ್ಷಿಸುವ ಕೆಲಸ ನನ್ನದು. ಆಟಕ್ಕೆ ಹೊಸದೇನು ಸೇರಿಸಿದರೂ ಹಳೆಯದು ಎಲ್ಲೋ ಕೆಡುತ್ತಿತ್ತು. ಪ್ರತಿ ಸಲವೂ ನಾವೇ ಕೂತು ಆಡಿ ನೋಡುವ ಬದಲು, ತಾನಾಗಿಯೇ ಆಡಿ ತಪ್ಪು ಹಿಡಿಯುವ ಸ್ಕ್ರಿಪ್ಟ್ ಬರೆಯಬೇಕಿತ್ತು. ಪಕ್ಕದ ಕುರ್ಚಿಯಲ್ಲಿದ್ದವನು ನಮ್ಮೂರಿನವನೇ. ಅವನನ್ನು ಅಣ್ಣ ಎಂದೂ ಅವನ ತಾಯಿಯನ್ನು ದೊಡ್ಡವ್ವ ಎಂದೂ ಕರೆದು ಬೆಳೆದವಳು ನಾನು. ಹುಣಸೂರಿನಿಂದ ದಿನಾ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು.

ಯುದ್ಧದ ಭಾಗ ಅವನದು, ಆಟಗಾರರು ಕೊಳ್ಳುವ ಮಾರುವ ಸಂತೆಯ ಭಾಗ ನನ್ನದು. ಹೊಸ ಆವೃತ್ತಿ ಬರುವಷ್ಟರಲ್ಲಿ ಕೆಲಸ ಮುಗಿಸಿದವರನ್ನು ಕಾಯಂ ಮಾಡುತ್ತೇವೆ, ಉಳಿದವರನ್ನು ಕಳಿಸುತ್ತೇವೆ ಎಂದು ಮ್ಯಾನೇಜರ್ ಹೇಳಿದರು. ಆ ಸಂಜೆ ಬಸ್ಸಿನಲ್ಲಿ ಅವನೇ ಮಾತು ತೆಗೆದ.

"ಮುಯ್ಯಾಳು ಮಾಡ್ಕಳವ ಕಣಮ್ಮಿ. ಮೊದ್ಲು ಇಬ್ರೂ ನಂದು ಮುಗ್ಸವ, ಆಮೇಲೆ ನಿಂದು."

ಒಪ್ಪಿದೆ. ನನ್ನ ಸಂತೆಯನ್ನು ಹಾಳುಬಿಟ್ಟು ಅವನ ಸೈನಿಕರ ಹಿಂದೆ ಓಡಾಡಿದೆ. ಗೋಡೆಯೊಳಗೆ ಸಿಕ್ಕಿಕೊಳ್ಳುವವರನ್ನು, ಸತ್ತ ಮೇಲೂ ಕತ್ತಿ ಬೀಸುವವರನ್ನು ಹಿಡಿದುಕೊಟ್ಟೆ. ಅವನದು ಮುಗಿಯಿತು. ನನ್ನ ಸರದಿ ಬಂದಾಗ ಅವನಿಗೆ ತಲೆನೋವು, ಆಮೇಲೆ ನೆಂಟರ ಮನೆ ಕೆಲಸ. ಕೊನೆಗೆ ಬಸ್ಸನ್ನೂ ಬದಲಾಯಿಸಿದ. ಒಬ್ಬಳೇ ಎಷ್ಟು ಒದ್ದಾಡಿದರೂ ಸಂತೆ ಅರ್ಧಕ್ಕೇ ನಿಂತಿತು. ಮೀಟಿಂಗಿನಲ್ಲಿ ಅವನು ನನ್ನ ಕಡೆ ನೋಡದೆ ಹೇಳಿದ.

"ನಂದು ನಾನೊಬ್ನೇ ಮುಗಿಸಿದ್ದೀನಿ ಸರ್. ಅವರದು ಇನ್ನೂ ಆಗಿಲ್ಲ."

ಅಮ್ಮಿ ಅನ್ನುತ್ತಿದ್ದ ಬಾಯಲ್ಲಿ ಅವರದು! ಅವನು ಮುಗಿಸಿದ್ದರಲ್ಲಿ ಅರ್ಧ ನನ್ನ ಕೆಲಸ ಎಂದು ಅಲ್ಲೇ ಹೇಳಿದೆ. ನಿಮ್ಮದನ್ನು ಬಿಟ್ಟು ಅವರದನ್ನು ಏಕೆ ಮಾಡಿದಿರಿ ಎಂದು ಮ್ಯಾನೇಜರ್ ಕೇಳಿದರು. ಮುಯ್ಯಾಳು ಅಂದರೇನೆಂದು ಆ ಕೋಣೆಯಲ್ಲಿ ಯಾರಿಗೆ ಬಿಡಿಸಿ ಹೇಳಲಿ? ಗೊತ್ತಿದ್ದ ಒಬ್ಬನೇ ಒಬ್ಬ ಕಂಪ್ಯೂಟರ್ ನೋಡುತ್ತ ಕೂತಿದ್ದ. ನಾನು ಕೆಲಸ ಕಳೆದುಕೊಂಡು ಮನೆಗೆ ಬಂದೆ.

ಆ ವಾರ ನಮ್ಮ ಹೊಲದಲ್ಲಿ ಸೊಪ್ಪು ಕೀಳುವುದಿತ್ತು. ಹಿಂದಿನ ವಾರ ನಮ್ಮವ್ವ ಅಣ್ಣನ ಮನೆಯವರ ಹೊಲಕ್ಕೆ ಒಂದು ದಿನ ಹೋಗಿಬಂದಿದ್ದರಿಂದ ಅವನ ತಾಯಿ ದೊಡ್ಡವ್ವ ಮುಯ್ಯಿ ತೀರಿಸಲು ಬಂದಳು. ನನ್ನ ಪಕ್ಕದ ಸಾಲಿನಲ್ಲಿ ಎಲೆ ಕೀಳುತ್ತ, ಇಬ್ಬರಿಗೂ ಕಾಯಂ ಆಯಿತಂತಲ್ಲ, ನೀನ್ಯಾಕೆ ರಜ ಹಾಕಿದ್ದೀಯ ಎಂದು ಕೇಳಿದಳು. ಅವನು ಮನೆಯಲ್ಲಿ ಹಾಗೆ ಹೇಳಿದ್ದನಂತೆ. ನಾನು ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟೆ. ಅವಳು ಮುಂದಿನ ಗಿಡಕ್ಕೆ ಬಾಗಿದಳು. ಸಂಜೆಯವರೆಗೂ ಎಲೆ ಕಿತ್ತು ಹೋದಳು.

ಮರುದಿನ ಬೆಳಿಗ್ಗೆ ಮತ್ತೆ ಬಂದಳು. ನಿನ್ನೆಗೇ ನಿಮ್ಮದು ತೀರಿತಲ್ಲ ಎಂದು ಅವ್ವ ತಡೆದಳು. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಸಾಲಿಗೆ ಇಳಿದಳು.

"ನೆನ್ನೇದು ನಂದು ಕಣವ್ವ. ಇವತ್ತಿಂದು ಅವನ್ದು."

ಸೊಪ್ಪಿನ ಅಂಟು ಹಿಡಿದು ಕಪ್ಪಾಗಿದ್ದ ಅವಳ ಕೈ ನೋಡಿ ನನಗೆ ಅಳು ಬಂತು. ಅಲ್ಲಿಯವರೆಗೆ ಅವನನ್ನು ಎಂದಾದರೂ ಕ್ಷಮಿಸುತ್ತಿದ್ದೆನೋ ಏನೋ, ಅವತ್ತಿನಿಂದ ಅದು ನನ್ನ ಕೈಲಾಗಲಿಲ್ಲ.